ಹಿರಿಯರ ಬಾಯಿಮಾತೂ ಇತಿಹಾಸವೇ

ಇಂಗ್ಲೆಂಡಿನ ಊರು ಹಳ್ಳಿಗಳ ಚರಿತ್ರೆಯನ್ನು ಒಂದೊಂದಾಗಿ ಬರೆದಿಡುವ ಮಹಾಕಾರ್ಯವು 1899ರಲ್ಲಿ ಆರಂಭವಾಯಿತು. ಅದು ಇಂದಿಗೂ ನಡೆದಿದೆ. ಮಣಿನಗರದಲ್ಲಿ ನೆಲಸಿದ ಕನ್ನಡಿಗರಾದ ನಾವು ನಮ್ಮ ವಿಷಯವಾಗಿ ಒಂದು ಪುಟವನ್ನಾದರೂ ಬರೆದಿಟ್ಟಿರುವೆವೇ?

ನಮ್ಮ ನೆರೆಯ ಕಾಂಕರಿಯಾ ಕೆರೆಯು 1451ರಲ್ಲಿ ಸುಲ್ತಾನ ಕುತುಬುದ್ದೀನನ ಕಾಲದಲ್ಲಿ ಪೂರ್ಣಗೊಂಡಿತೆಂಬುದನ್ನು ಮಕ್ಕಳೂ ಬಲ್ಲರು. ಆದರೆ 1956ರ ಅಕ್ಟೋಬರ್ ಕೊನೆಯವರೆಗೆ ಧಾರವಾಡವೂ ಅಹಮದಾಬಾದೂ ಒಂದೇ ಮುಂಬಯಿ ಆಡಳಿತಕ್ಕೆ ಸೇರಿದ್ದವೆಂಬುದನ್ನು ಎಷ್ಟು ಮಂದಿ ಬಲ್ಲರು? ಆ ಸರಕಾರದ ಗ್ಯಾಝೆಟಿಯರ್ ಮಾಲೆಯಲ್ಲಿ ಅಹಮದಾಬಾದಿನ ಸಂಪುಟವು 1879ರಲ್ಲಿಯೂ ಧಾರವಾಡದ ಸಂಪುಟವು 1884ರಲ್ಲಿಯೂ ಪ್ರಕಟವಾದವು. ಅಲ್ಲಿ ಬೆಳೆ, ಕಂದಾಯಗಳ ಲೆಕ್ಕವುಂಟು. ಮುಂದೆ ಅಲ್ಲಿಂದ ಇಲ್ಲಿಗೆ ಬಂದು ಬದುಕು ಕಟ್ಟಿಕೊಂಡವರ ಕಥೆಯನ್ನು ನಾವೇ ಬರೆಯಬೇಕು.

ನಮ್ಮ ತಂದೆಯವರು ಸಂಜೆ ಕೆರೆಯ ದಂಡೆಯಲ್ಲಿ ಕುಳಿತು, ತಾವು ಈ ಊರಿಗೆ ಬಂದಿಳಿದ ದಿನದ ಸಂಗತಿಯನ್ನು ಹೇಳುತ್ತಿದ್ದರು. ಮುಂದೆಂದಾದರೂ ಪೂರ್ತಿ ಕೇಳಿದರಾಯಿತೆಂದು ನಾನು ಉದಾಸೀನ ಮಾಡಿದೆ. ಅವರು ತೀರಿಕೊಂಡ ಮೇಲೆ ನನ್ನ ಮಗಳು, ಮೊದಲ ರಾತ್ರಿ ಅಜ್ಜನಿಗೆ ಆಶ್ರಯವಿತ್ತ ಗುಜರಾತಿ ಗೃಹಸ್ಥರ ಹೆಸರೇನೆಂದು ಕೇಳಿದಳು. ನಾನು ಉತ್ತರ ಕೊಡಲಾರದೆ ಹೋದೆ. ನಮ್ಮ ಮನೆತನವು ಯಾರ ಋಣದಲ್ಲಿದೆಯೋ ಅವರ ಹೆಸರನ್ನೇ ನಾನು ಕಳೆದುಕೊಂಡಿದ್ದೆ.

ಅರಸರ ಕೆರೆಗೆ ಗ್ರಂಥಗಳು ಸಾಕ್ಷಿ. ನಾವು ಬಾಳಿದ ಬಾಡಿಗೆಮನೆಗೆ ಹಿರಿಯರ ಬಾಯಿಮಾತೊಂದೇ ಸಾಕ್ಷಿ. ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಬರುವ ಭಾನುವಾರವೇ ಮನೆಯ ಹಿರಿಯರ ಬಳಿ ನೋಟುಬುಕ್ಕು ಹಿಡಿದು ಕುಳಿತುಕೊಳ್ಳಿರಿ. ಬಂದ ವರ್ಷ, ಕೊಟ್ಟ ಬಾಡಿಗೆ, ನೆರವಾದ ನೆರೆಯವರ ಹೆಸರು, ಇಷ್ಟನ್ನಾದರೂ ಬರೆದುಕೊಳ್ಳಿರಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ.