ನಿಧಾನ ಸೈಕಲ್ ಸ್ಪರ್ಧೆ ಮತ್ತು ನಮ್ಮ ಜಿಲ್ಲೆಯ ಹುಡುಗರು

ಆದಿಲಶಾಹಿಗಳ ಕುರಿತು ಕಪಾಟು ತುಂಬುವಷ್ಟು ಪುಸ್ತಕಗಳಿವೆ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಮಹಾಪುರುಷನ ಕುರಿತು ಹೇಳುವುದೇ ಬೇಡ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು, ಸಂತೋಷ. ಆದರೆ ಇದೇ ಮಣ್ಣಿನಲ್ಲಿ ದಶಕಗಳಿಂದ ಬೆಳೆಯುತ್ತ ಬಂದ ಇನ್ನೊಂದು ಬೆಳೆಯಿದೆ. ಅದು ನಮ್ಮ ಕಿರಿಯರ ಸೈಕ್ಲಿಂಗ್ ತಂಡ. ಅದರ ಚರಿತ್ರೆಯನ್ನು ಯಾರಾದರೂ ಕ್ರಮವಾಗಿ ಬರೆದಿಟ್ಟದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಪದಕ ಬಂದ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಭಾವಚಿತ್ರ, ಅದರಲ್ಲಿ ಹುಡುಗನ ಎಡಬಲಕ್ಕೆ ನಾಲ್ಕು ಜನ ಗಣ್ಯರು. ಮೂರನೆಯ ದಿನ ಆ ಪುಟದಲ್ಲಿ ಯಾರೋ ಮಿರ್ಚಿ ಕಟ್ಟಿಕೊಂಡು ತಿಂದಿರುತ್ತಾರೆ.

ಓದುಗ ಮಿತ್ರರಲ್ಲಿ ಕೆಲವರು ‘ಮಾಸ್ತರರು ನಿವೃತ್ತರಾದ ಮೇಲೆ ಸೈಕಲ್ ಹತ್ತಿದರು’ ಎಂದು ನಗಬಹುದು. ನಗಲಿ. ನಾನು ವ್ಯಾಯಾಮ ಶಿಕ್ಷಕನಲ್ಲ, ಸಮಾಜ ವಿಜ್ಞಾನ ಕಲಿಸಿದವನು. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಇಂಡಿ, ಸಿಂದಗಿ ಭಾಗದ ಪ್ರೌಢಶಾಲೆಗಳ ಮುಂದೆ ಸಾಲಾಗಿ ನಿಂತ ಸೈಕಲ್ಲುಗಳನ್ನು ನೋಡಿದವನು. ಯಾವ ಹುಡುಗ ಎಷ್ಟು ದೂರದಿಂದ ಎಷ್ಟು ಹೊತ್ತಿನಲ್ಲಿ ಬರುತ್ತಾನೆ ಎಂಬುದು ಹಾಜರಿ ಪುಸ್ತಕ ಹಿಡಿದವನಿಗೆ ತಿಳಿಯದೇ ಇರುವುದಿಲ್ಲ.

ವಿಜಯಪುರದಲ್ಲಿ ಸೈಕ್ಲಿಂಗ್ ಕ್ರೀಡಾ ವಸತಿ ನಿಲಯವಿದೆ. ಅಲ್ಲಿಂದಲೂ ನೆರೆಯ ಬಾಗಲಕೋಟೆಯಿಂದಲೂ ರಾಷ್ಟ್ರೀಯ ರಸ್ತೆ ಸ್ಪರ್ಧೆಗಳಿಗೆ, ಟ್ರ್ಯಾಕ್ ಸ್ಪರ್ಧೆಗಳಿಗೆ ಮಕ್ಕಳು ಹೋಗುತ್ತಲೇ ಇದ್ದಾರೆ, ಗೆದ್ದು ಬರುತ್ತಲೇ ಇದ್ದಾರೆ. 1997ರಲ್ಲಿ ಜಿಲ್ಲೆ ಎರಡಾಯಿತು. ಈ ಆಟದಲ್ಲಿ ಮಾತ್ರ ಇಂದಿಗೂ ಅವಿಭಜಿತವೇ. ರಾಷ್ಟ್ರಮಟ್ಟದ ಫಲಿತಾಂಶಗಳಲ್ಲಿ ಕರ್ನಾಟಕದ ಹೆಸರು ನಿಲ್ಲಿಸಿದವರನ್ನು ನೋಡಿರಿ: ಮೇಘಾ ಗೂಗಾಡ್, ದಾನಮ್ಮ ಚಿಚಖಂಡಿ, ವೆಂಕಪ್ಪ ಕೆಂಗಲಗುತ್ತಿ. ಅಡ್ಡಹೆಸರು ಕೇಳಿದೊಡನೆ ನಮ್ಮ ಕಡೆಯವರಿಗೆ ಕೃಷ್ಣೆ, ಘಟಪ್ರಭೆಯ ಬಯಲು ಕಣ್ಣಿಗೆ ಬರುತ್ತದೆ. ಆರು ಕೋಟಿಗೂ ಮಿಕ್ಕ ಜನರಿರುವ ರಾಜ್ಯದ ಒಂದು ಕ್ರೀಡೆಯ ಭಾರವನ್ನು ಬಹುಮಟ್ಟಿಗೆ ಎರಡು ಬರಗಾಲದ ಜಿಲ್ಲೆಗಳು ಹೊತ್ತಿವೆ. ಇದೊಂದು ಸೋಜಿಗವಲ್ಲವೇ?

ಸೋಜಿಗವೇನೂ ಅಲ್ಲ ಎನ್ನುವುದು ನನ್ನ ವಾದ. ನಮ್ಮ ನೆಲ ಸಪಾಟು, ರಸ್ತೆ ನೇರ, ನೆರಳಿಲ್ಲ. ಆಷಾಢದ ಗಾಳಿ ಎದುರಿಗೆ ನಿಂತರೆ ಪೆಡಲ್ ತುಳಿಯುವವನ ಎದೆಯ ಮೇಲೆ ಯಾರೋ ಕೈಯಿಟ್ಟು ಹಿಂದಕ್ಕೆ ತಳ್ಳಿದಂತಾಗುತ್ತದೆ. ಸೈಕಲ್ ಸ್ಪರ್ಧೆಯಲ್ಲಿ ನಿಜವಾದ ಎದುರಾಳಿ ಗಾಳಿಯೇ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ಹಿಂದಿನವನಿಗೆ ಸುಮಾರು ಮೂರನೆಯ ಒಂದು ಪಾಲು ಶ್ರಮ ಉಳಿಯುತ್ತದೆ ಎನ್ನುತ್ತಾರೆ ಬಲ್ಲವರು. ಈ ವಿದ್ಯೆಯನ್ನು ನಮ್ಮ ಹುಡುಗರು ಯಾವ ತರಬೇತುದಾರನೂ ಹೇಳಿಕೊಡದೆ ಶಾಲೆಗೆ ಬರುವ ದಾರಿಯಲ್ಲೇ ಕಲಿತಿದ್ದರು. ನಾಲ್ವರು ಒಂದೇ ಸಾಲಿನಲ್ಲಿ ಬರುವುದು, ಮುಂದಿನವನು ದಣಿದಾಗ ಪಕ್ಕಕ್ಕೆ ಸರಿದು ಕೊನೆಗೆ ಸೇರಿಕೊಳ್ಳುವುದು. ನಾನು ಇದನ್ನು ಮಕ್ಕಳ ಆಟವೆಂದು ನೋಡುತ್ತಿದ್ದೆ. ಟ್ರ್ಯಾಕಿನ ಮೇಲೆ ನಾಲ್ವರ ತಂಡ ನಾಲ್ಕು ಕಿಲೋಮೀಟರ್ ಬೆನ್ನಟ್ಟುವ ಸ್ಪರ್ಧೆಯನ್ನು ಟಿ.ವಿ.ಯಲ್ಲಿ ಕಂಡ ದಿನ, ‘ಇದು ನಮ್ಮ ಹುಡುಗರ ಸಾಲೇ ಅಲ್ಲವೇ’ ಎನ್ನಿಸಿತು. ಇದರ ಜೊತೆಗೆ ಜಾತ್ರೆಯ ಸೈಕಲ್ ಶರ್ಯತ್ತುಗಳಿದ್ದವು. ತೆರಬಂಡಿ ಸ್ಪರ್ಧೆಯ ಮಗ್ಗುಲಲ್ಲೇ, ಹಾಲಿನ ಕ್ಯಾನು ಇಳಿಸಿದ ಅದೇ ಕಬ್ಬಿಣದ ಸೈಕಲ್ಲುಗಳ ಮೇಲೆ. ಅಂದರೆ ಈ ತಂಡವನ್ನು ಕಟ್ಟಿದ್ದು ಮೊದಲು ಬಡತನ, ಆಮೇಲೆ ಜಾತ್ರೆ, ಕೊನೆಗೆ ಸರ್ಕಾರ. ಈ ಕ್ರಮವನ್ನು ನೆನಪಿನಲ್ಲಿಡಬೇಕು.

ಹಾಗಾದರೆ ನಮ್ಮ ಶಾಲೆಗಳು ಮಾಡಿದ್ದೇನು? ನಾನು ಸೇವೆಯಲ್ಲಿದ್ದಾಗ ಕಂಡ ಶಾಲಾ ಕ್ರೀಡೋತ್ಸವಗಳಲ್ಲಿ ಸೈಕಲ್ಲಿಗೆ ಇದ್ದ ಸ್ಥಾನ ಒಂದೇ: ನಿಧಾನ ಸೈಕಲ್ ಸ್ಪರ್ಧೆ! ಸುಣ್ಣದ ಗೆರೆಯ ನಡುವೆ ಯಾರು ಎಲ್ಲರಿಗಿಂತ ತಡವಾಗಿ ತಲುಪುತ್ತಾನೋ ಅವನಿಗೆ ಸ್ಟೀಲ್ ಲೋಟ. ಕಬಡ್ಡಿ, ಖೊಖೊ, ವಾಲಿಬಾಲುಗಳಿಗೆ ತಾಲೂಕು, ಜಿಲ್ಲೆ, ವಿಭಾಗ ಎಂದು ಮೆಟ್ಟಿಲುಗಳಿದ್ದವು. ದೇಶಕ್ಕೆ ಸೈಕಲ್ ಸವಾರರನ್ನು ಕೊಡುವ ಜಿಲ್ಲೆಯ ಶಾಲೆಗಳಲ್ಲಿ ಸೈಕಲ್ಲಿಗೆ ವೇಗವೇ ಅಪರಾಧ. ಇದಕ್ಕಿಂತ ದೊಡ್ಡ ವ್ಯಂಗ್ಯವನ್ನು ಬೀchiಯವರೂ ಕಲ್ಪಿಸಲಾರರು.

ಕಿರಿಯರು ಎಂದರೆ ಈ ಆಟದ ಅಂತಾರಾಷ್ಟ್ರೀಯ ಲೆಕ್ಕದಲ್ಲಿ ಹದಿನೇಳು, ಹದಿನೆಂಟರ ವಯಸ್ಸು. ಎರಡೇ ವರ್ಷ. ಈ ಎರಡು ವರ್ಷವನ್ನು ಸರ್ಕಾರಿ ಕಡತದ ವೇಗದ ಪಕ್ಕದಲ್ಲಿಟ್ಟು ನೋಡಿರಿ. ವಿಜಯಪುರಕ್ಕೆ ವೆಲೊಡ್ರೋಮ್ ಬರುತ್ತದೆ ಎಂಬ ಮಾತು, ಅದರ ಮಂಜೂರಾತಿ, ಅದರ ಕಾಮಗಾರಿ ಎಲ್ಲವೂ ವರ್ಷಗಟ್ಟಲೆ ಎಳೆದವು. ಹತ್ತು ವರ್ಷದ ವಿಳಂಬವೆಂದರೆ ಗುತ್ತಿಗೆದಾರನಿಗೆ ದರ ಪರಿಷ್ಕರಣೆ, ಅಧಿಕಾರಿಗೆ ಎರಡು ಮೂರು ವರ್ಗಾವಣೆ. ಕಿರಿಯರ ತಂಡಕ್ಕೆ ಮಾತ್ರ ಅದು ಐದು ತಲೆಮಾರು. ಐದು ತಂಡಗಳು ರೂಪುಗೊಂಡು, ಬೆವರು ಸುರಿಸಿ, ವಯಸ್ಸು ಮೀರಿ ಚದುರಿಹೋಗುವಷ್ಟು ಕಾಲ. ಟ್ರ್ಯಾಕ್ ಕಟ್ಟುವವರಿಗೆ ಈ ಗಣಿತವನ್ನು ಯಾರೂ ಹೇಳಿಕೊಡಲಿಲ್ಲವೆಂದು ಕಾಣುತ್ತದೆ.

ಟ್ರ್ಯಾಕ್ ಇಲ್ಲದಿದ್ದರೇನು, ರಸ್ತೆಯಿದೆಯಲ್ಲ ಎನ್ನುವವರಿಗೆ ಒಂದು ಮಾತು. ಟ್ರ್ಯಾಕಿನ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ, ಗೇರ್ ಬದಲಿಸಲು ಬರುವುದಿಲ್ಲ; ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ. ತಿರುವುಗಳಲ್ಲಿ ನೆಲವೇ ಗೋಡೆಯಂತೆ ಎದ್ದು ನಿಂತಿರುತ್ತದೆ. ಒಲಿಂಪಿಕ್ಸಿನದು 250 ಮೀಟರಿನ ಮರದ ಹಾದಿ. ಇದನ್ನು ತರಗತಿಯಲ್ಲಿ ವಿವರಿಸಿದಾಗ ಹಿಂದಿನ ಬೆಂಚಿನ ಒಬ್ಬ, ‘ಸರ್, ಬ್ರೇಕ್ ಇಲ್ಲದ ಸೈಕಲ್ ಹ್ಯಾಂಗ ನಿಲ್ಲಸ್ತಾರ್ರಿ?’ ಎಂದು ಕೇಳಿದ್ದ. ಒಳ್ಳೆಯ ಪ್ರಶ್ನೆ. ಕಬ್ಬಿನ ಟ್ರ್ಯಾಕ್ಟರು ಎರಡೆರಡು ಟ್ರಾಲಿ ಎಳೆದುಕೊಂಡು, ಹಾಡು ಹಾಕಿಕೊಂಡು ಬರುವ ಸಿಂದಗಿಯ ರಸ್ತೆಯಲ್ಲಿ ಅದನ್ನು ಓಡಿಸುವುದೆಂದರೆ ಆತ್ಮಹತ್ಯೆ. ಆದುದರಿಂದ ನಮ್ಮ ಮಕ್ಕಳು ರಸ್ತೆಯಲ್ಲಿ ಕಾಲು ಗಟ್ಟಿ ಮಾಡಿಕೊಂಡು, ದೂರದ ಊರಿನ ಟ್ರ್ಯಾಕಿನ ಮೇಲೆ ಸ್ಪರ್ಧೆಯ ಮುನ್ನಾದಿನ ಇಳಿಯಬೇಕಾಗುತ್ತಿತ್ತು. ಬಾವಿ ಕಾಣದವನನ್ನು ಈಜುಸ್ಪರ್ಧೆಗೆ ಕಳಿಸಿದ ಹಾಗೆ. ಆದರೂ ಪದಕ ತಂದರು. ಅದನ್ನೇ ಸರ್ಕಾರ ‘ನೋಡಿ, ಟ್ರ್ಯಾಕ್ ಇಲ್ಲದೆಯೂ ನಡೆಯುತ್ತದೆ’ ಎಂದು ಅರ್ಥಮಾಡಿಕೊಂಡಿತೇನೋ.

ಟ್ರ್ಯಾಕ್ ಇದ್ದ ಕಡೆ ಏನಾಯಿತು? 2004ರ ಸುನಾಮಿಯಲ್ಲಿ ಮರ ಹಿಡಿದು ಬದುಕುಳಿದ ನಿಕೋಬಾರಿನ ಹುಡುಗಿ ಡೆಬೋರಾ ಹೆರಾಲ್ಡ್ ದೇಶದ ಅಗ್ರಮಾನ್ಯ ಸ್ಪ್ರಿಂಟ್ ಸವಾರಳಾದಳು. ಅದೇ ದ್ವೀಪಗಳ ಎಸೊ ಆಲ್ಬನ್ 2018ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ವಿಶ್ವ ಕಿರಿಯರ ಕೂಟದಲ್ಲಿ ಬೆಳ್ಳಿ ಗೆದ್ದ. 2019ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆನ್ ದ ಓಡರ್ ಪಟ್ಟಣದಲ್ಲಿ ಎಸೊ ಮತ್ತು ಮಣಿಪುರದ ರೊನಾಲ್ಡೊ ಸಿಂಗ್, ರೋಜಿತ್ ಸಿಂಗ್ ಸೇರಿ ಟೀಮ್ ಸ್ಪ್ರಿಂಟಿನಲ್ಲಿ ವಿಶ್ವ ಕಿರಿಯರ ಚಿನ್ನವನ್ನೇ ತಂದರು. ದ್ವೀಪದಲ್ಲಿ, ಗುಡ್ಡಗಾಡಿನಲ್ಲಿ ಹುಟ್ಟಿದ ಹುಡುಗರು! ದೆಹಲಿಯ ವೆಲೊಡ್ರೋಮಿನಲ್ಲಿ ವರ್ಷಪೂರ್ತಿ ತುಳಿದದ್ದರಿಂದ ಇದು ಸಾಧ್ಯವಾಯಿತು. ನಮ್ಮ ಬಯಲಿನ ಕಾಲುಗಳಿಗೆ ಅವರ ಕಾಲುಗಳಿಗಿಂತ ಕಡಿಮೆ ಬಲವಿತ್ತೆಂದು ನನಗೆ ಯಾರೂ ನಂಬಿಸಲಾರರು.

ಟ್ರ್ಯಾಕ್ ಒಂದೇ ಎಲ್ಲವೂ ಅಲ್ಲ, ನಿಜ. ಸೈಕಲ್ಲಿನ ಮಾತಿಗೆ ಬರುತ್ತೇನೆ. ಸ್ಪರ್ಧೆಗೆ ಒಗ್ಗುವ ಕಾರ್ಬನ್ ಸೈಕಲ್ಲಿನ ಬೆಲೆ ಲಕ್ಷಗಳಲ್ಲಿದೆ. ನಾಲ್ಕು ಎಕರೆ ಒಣಬೇಸಾಯದ ತೊಗರಿ ಒಂದು ವರ್ಷದಲ್ಲಿ ಅದನ್ನು ಕೊಳ್ಳಲಾರದು. 2006–07ರಲ್ಲಿ ನಮ್ಮ ರಾಜ್ಯ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಮನಸಾರೆ ಹರಸಿದವರಲ್ಲಿ ನಾನೂ ಒಬ್ಬ. ಹೆಣ್ಣುಮಕ್ಕಳು ಏಳನೆಯ ತರಗತಿಗೇ ಶಾಲೆ ಬಿಡುವುದು ನನ್ನ ಕಣ್ಣೆದುರೇ ಕಡಿಮೆಯಾಯಿತು. ಸೈಕಲ್ಲಿನ ಗುಣಮಟ್ಟದ ಬಗ್ಗೆ ದೂರುಗಳಿದ್ದವು. ಬೋಲ್ಟು ಬಿಗಿಸಲು ಊರಿನ ಸೈಕಲ್ ಶಾಪಿನವನಿಗೆ ಮೊದಲ ದಿನವೇ ದುಡ್ಡು ಕೊಡಬೇಕಾಗುತ್ತಿತ್ತು. ಆದರೂ ಚಕ್ರ ತಿರುಗಿತು. ಕೋವಿಡ್ ಬಂದ 2020ರಲ್ಲಿ ಆ ವಿತರಣೆ ನಿಂತಿತು. ಶಾಲೆ ತೆರೆದ ಮೇಲೆ ಎಷ್ಟೋ ಯೋಜನೆಗಳು ಮರಳಿದವು, ಸೈಕಲ್ ಮಾತ್ರ ಹಿಂದೆ ಉಳಿಯಿತು. ಹಳ್ಳಿಯ ಹುಡುಗಿಯ ಕೈಯಿಂದ ಸೈಕಲ್ ಕಸಿದುಕೊಂಡು, ಆಮೇಲೆ ಮಹಿಳಾ ಸೈಕ್ಲಿಂಗ್ ತಂಡಕ್ಕೆ ಪ್ರತಿಭೆ ಹುಡುಕಲು ಹೊರಡುವುದು ಯಾವ ಬುದ್ಧಿವಂತಿಕೆ?

ನನ್ನ ಸಹೋದ್ಯೋಗಿಗಳ ಆಕ್ಷೇಪವನ್ನು ನಾನು ಬಲ್ಲೆ. ಆಟಕ್ಕೆ ಹೋದವನು ಎಸ್.ಎಸ್.ಎಲ್.ಸಿ.ಯಲ್ಲಿ ಕೂರುತ್ತಾನೆ, ಶಾಲೆಯ ಫಲಿತಾಂಶ ಇಳಿಯುತ್ತದೆ, ಮೇಲಿನಿಂದ ನೋಟೀಸು ಬರುತ್ತದೆ. ಒಬ್ಬ ಪಾಲಕರು ಶಾಲೆಗೇ ಬಂದು ಕೇಳಿದ್ದರು: ‘ಮಾಸ್ತರ್ರ, ಸೈಕಲ್ ಹೊಡದ್ರ ಹೊಟ್ಟಿ ತುಂಬತೈತೇನ್ರಿ?’ ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ, ಉತ್ತರವೂ ಇದೆ. ರೈಲ್ವೆಯಲ್ಲಿ, ಸೇನೆಯಲ್ಲಿ ಸೈಕ್ಲಿಂಗ್ ತಂಡಗಳಿವೆ. ಗೆದ್ದವರಿಗೆ ಅಲ್ಲಿ ಅನ್ನವಿದೆ. ಆದರೆ ಅನ್ನ ಕೊಟ್ಟವರ ಅಂಗಿ ತೊಟ್ಟೇ ಅವರು ಮುಂದೆ ಸ್ಪರ್ಧಿಸುತ್ತಾರೆ. ಬಿತ್ತಿದವರು ನಾವು, ರಾಶಿ ಮಾಡಿಕೊಂಡವರು ರೈಲ್ವೆಯವರು. ಅವರನ್ನು ದೂರುವುದಿಲ್ಲ. ಕಿರಿಯರಾಗಿದ್ದಾಗ ಗೆದ್ದವನನ್ನು ಹಿರಿಯನಾಗುವವರೆಗೆ ಉಳಿಸಿಕೊಳ್ಳಲಾಗದ ನಮ್ಮ ರಾಜ್ಯವನ್ನು ದೂರುತ್ತೇನೆ.

‘ಮೊದಲು ಕುಡಿಯುವ ನೀರು, ಆಮೇಲೆ ಸೈಕಲ್’ ಎನ್ನುವ ಮಹನೀಯರೂ ಇದ್ದಾರೆ. ಇಂಡಿಯ ಬೇಸಿಗೆಯನ್ನು ಕಂಡವನಿಗೆ ಈ ಮಾತಿನ ತೂಕ ಗೊತ್ತು. ಆದರೆ ಬಾಗೇವಾಡಿ ಸೀಮೆಯಲ್ಲೇ ಆಲಮಟ್ಟಿಯ ಅಣೆಕಟ್ಟು ಎದ್ದಿದೆ, ಕೂಡಗಿಯಲ್ಲಿ 2400 ಮೆಗಾವಾಟ್ ವಿದ್ಯುತ್ ಸ್ಥಾವರ ಎದ್ದಿದೆ. ಇವು ಬರುವಾಗ ‘ಮೊದಲು ನೀರು’ ಎಂದು ಯಾರೂ ತಡೆಯಲಿಲ್ಲ. ಈ ಸರದಿಯ ನಿಯಮ ಮಕ್ಕಳ ವಿಷಯಕ್ಕೆ ಮಾತ್ರ ನೆನಪಾಗುತ್ತದೆ.

ಇನ್ನೊಂದು ಸಂಗತಿ, ಇದು ಶಾಲೆಯವರಿಗೇ ತಿಳಿಯುವಂಥದು. ನಮ್ಮ ಭಾಗದ ದಾಖಲಾತಿ ಪುಸ್ತಕ ತೆರೆದರೆ ಅರ್ಧ ಊರು ಜೂನ್ ಒಂದರಂದು ಹುಟ್ಟಿದೆ. ಶಾಲೆಗೆ ಸೇರಿಸುವ ದಿನ ಕೈಯನ್ನು ತಲೆಯ ಮೇಲಿಂದ ಕಿವಿಗೆ ಮುಟ್ಟಿಸಿ ನೋಡಿ ಬರೆದ ವಯಸ್ಸದು. ಕಿರಿಯರ ತಂಡಕ್ಕೆ ಹುಟ್ಟಿದ ಇಸವಿಯೇ ಪ್ರಾಣ. ಒಂದು ವರ್ಷ ಹೆಚ್ಚು ಬರೆದಿದ್ದರೆ ಹುಡುಗ ಕಿರಿಯರಿಂದ ಹೊರಗೆ. ಕಡಿಮೆ ಬರೆದಿದ್ದರೆ ಅವನೇ ಮೋಸಗಾರ. ನನ್ನ ಒಬ್ಬ ವಿದ್ಯಾರ್ಥಿ ಆಯ್ಕೆಯ ದಿನ ಕಾಗದದಲ್ಲಿ ಒಂದು ವರ್ಷ ದೊಡ್ಡವನಾಗಿ ವಾಪಸು ಬಂದ. ಅವನ ನಿಜವಾದ ವಯಸ್ಸು ತಾಯಿಗೆ ಗೊತ್ತಿತ್ತು. ಅವನು ಹುಟ್ಟಿದ್ದು ಬರ ಬಿದ್ದ ಮರುವರ್ಷದ ಸೀಗಿ ಹುಣ್ಣಿಮೆಯ ಮುಂದೆ. ಆಯ್ಕೆದಾರರು ಸೀಗಿ ಹುಣ್ಣಿಮೆಯನ್ನು ಒಪ್ಪುವುದಿಲ್ಲ. ಈಗ ಹೆರಿಗೆಗಳು ಆಸ್ಪತ್ರೆಯಲ್ಲಾಗುವುದರಿಂದ ಈ ಕಾಟ ತೀರುತ್ತ ಬಂದಿದೆ.

ಮುದ್ದೇಬಿಹಾಳದಿಂದ ವಿಜಯಪುರ ಸುಮಾರು ಎಂಬತ್ತು ಕಿಲೋಮೀಟರ್. ಹದಿಮೂರರ ಹುಡುಗಿಯನ್ನು ಅಷ್ಟು ದೂರದ ನಿಲಯಕ್ಕೆ ಕಳಿಸಲು ಒಪ್ಪದ ತಾಯಿಯನ್ನು ನಾನು ದೂಷಿಸಲಾರೆ. ಆದುದರಿಂದ ಎಲ್ಲವೂ ಜಿಲ್ಲಾ ಕೇಂದ್ರದಲ್ಲಿ ಎಂಬ ಹಟ ಬಿಡಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆ ಒಬ್ಬೊಬ್ಬ ತರಬೇತುದಾರ, ಹತ್ತು ಹತ್ತು ಸೈಕಲ್ಲು, ಅವುಗಳನ್ನಿಡಲು ಬೀಗವಿರುವ ಒಂದು ಕೋಣೆ. ಬೆಳಿಗ್ಗೆ ಒಂದು ಗಂಟೆ ಯಾವುದಾದರೊಂದು ಒಳರಸ್ತೆಗೆ ಪೊಲೀಸರ ಕಾವಲು. ಇದಕ್ಕೆ ಶಿಲಾನ್ಯಾಸ ಬೇಕಿಲ್ಲ, ಆದ್ದರಿಂದಲೇ ಯಾರಿಗೂ ಇದರಲ್ಲಿ ಆಸಕ್ತಿಯಿಲ್ಲ. ನಿವೃತ್ತಿಯಾದ ಮೇಲೆ ಈ ಕುರಿತು ಬರೆದ ಎರಡು ಅರ್ಜಿಗಳಿಗೆ ಉತ್ತರ ಬಂದಿಲ್ಲ. ಅವನ್ನು ಎಲ್ಲಿಗೆ ಕಳಿಸಿದೆನೆಂದು ಇಲ್ಲಿ ಬರೆಯುವುದಿಲ್ಲ, ಆ ಮೇಜಿನ ಹಿಂದೆ ಈಗ ಬೇರೆಯವರು ಕುಳಿತಿದ್ದಾರೆ.

ಸರ್ಕಾರದ ದಾರಿ ಕಾಯುವಷ್ಟು ಹೊತ್ತು ಹದಿನೇಳರ ಹುಡುಗರಿಗಿಲ್ಲ. ಆದುದರಿಂದ ನಮ್ಮ ಭಾಗದ ಜಾತ್ರಾ ಕಮಿಟಿಯ ಹಿರಿಯರಲ್ಲಿ ನನ್ನ ಅರಿಕೆ ಇಷ್ಟು: ಈ ವರ್ಷದ ಸೈಕಲ್ ಶರ್ಯತ್ತಿನಲ್ಲಿ ಹದಿನೆಂಟರ ಒಳಗಿನವರಿಗೆ ಬೇರೆ ಓಟವಿರಲಿ, ಹುಡುಗಿಯರಿಗೂ ಒಂದಿರಲಿ. ಬೆಳ್ಳಿಯ ಕಡಗದ ಹಣದಲ್ಲಿ ಹೆಲ್ಮೆಟ್ ಕೊಡಿಸಿರಿ. ಗೆದ್ದವರ ಹೆಸರು, ಊರು, ಹಿಡಿದ ಸಮಯ ಬರೆದಿಡಲು ಒಂದು ಇನ್ನೂರು ಪುಟದ ನೋಟ್‌ಬುಕ್ ಬೇಕು. ಅದನ್ನು ನಾನೇ ತರುತ್ತೇನೆ. ನನ್ನ ಕೈಬರಹ ಇನ್ನೂ ಚೆನ್ನಾಗಿದೆ.