ಅಮ್ಮನ ಕತ್ತರಿ, ನನ್ನ ರಕ್ತಪರೀಕ್ಷೆ

ಗೋಕುಲಂನ ನಮ್ಮ ಬೀದೀಲಿ ಯೋಗ ಕಲಿಯೋಕೆ ಬಂದ ವಿದೇಶಿಯರು ಮ್ಯಾಟ್ ಹೆಗಲಿಗೇರಿಸಿ ಹೋಗೋ ಹೊತ್ತಿಗೆ, ಮನೆಯೊಳಗೆ ಅಮ್ಮನ ಹೊಲಿಗೆ ಮಷಿನ್ ಶುರುವಾಗಿರುತ್ತೆ. ಕಳೆದ ಭಾನುವಾರ ರವಿಕೆ ಪೀಸುಗಳ ಮಧ್ಯೆ ಕೂತು ಹೇಳಿದೆ: "ಮದುವೆಗೆ ಮುಂಚೆ ನಾನೂ ಭಾವನೂ ಒಂದು ರಕ್ತಪರೀಕ್ಷೆ ಮಾಡಿಸ್ಕೋಬೇಕು."

ಮಷಿನ್ ನಿಂತಿತು. "ನಿಮ್ಮತ್ತೆ ಏನಂದ್ಕೋತಾಳೆ?"

ನನಗೆ ಗೊತ್ತಾಗಿರೋದು ಸೋದರತ್ತೆ ಮಗನ ಜೊತೆ. ಅಕ್ಕನ ಮಗನಿಗೆ ಎಸ್‌ಎಂಎ, ಅಂದರೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ. ಬೆನ್ನುಹುರಿಯ ನರಕೋಶಗಳು ಸೊರಗಿ, ಸ್ನಾಯುಗಳು ಬಲ ಕಳೆದುಕೊಳ್ಳುವ ಕಾಯಿಲೆ. ಎರಡು ವರ್ಷವಾದರೂ ಮಗು ಎದ್ದು ನಿಂತಿಲ್ಲ.

ಅಮ್ಮನಿಗೆ ಅವಳ ಭಾಷೆಯಲ್ಲೇ ಹೇಳಿದೆ. ಜೀನ್‌ನಿಂದ ಮೊದಲು ತಯಾರಾಗುವ ಆರ್‌ಎನ್‌ಎ ಇನ್ನೂ ಕತ್ತರಿಸದ ಬಟ್ಟೆಯಿದ್ದಂತೆ. ಬೇಡದ ತುಂಡುಗಳನ್ನು ತೆಗೆದು, ಬೇಕಾದವನ್ನು ಜೋಡಿಸಬೇಕು. ಇದೇ ಸ್ಪ್ಲೈಸಿಂಗ್. ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನುಗಳು ಅಮ್ಮ ಹಾಕೋ ಸೀಮೆಸುಣ್ಣದ ಗುರುತಿದ್ದ ಹಾಗೆ. ಕೆಲವು 'ಈ ತುಂಡು ಸೇರಿಸು' ಅನ್ನುತ್ತವೆ, ಕೆಲವು 'ಬಿಡು' ಅನ್ನುತ್ತವೆ.

ಎಸ್‌ಎಂಎ ಇರುವ ಮಕ್ಕಳಲ್ಲಿ ಎಸ್‌ಎಂಎನ್1 ಜೀನ್ ಕೆಲಸ ಮಾಡಲ್ಲ. ಅದರ ಅವಳಿಯಂಥ ಎಸ್‌ಎಂಎನ್2 ಇದೆ. ಆದರೆ ಅದರ ಏಳನೇ ತುಂಡಿನಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಅಷ್ಟಕ್ಕೇ 'ಸೇರಿಸು' ಅನ್ನುವ ಪ್ರೋಟೀನಿನ ಹಿಡಿತ ಸಡಿಲವಾಗಿ, 'ಬಿಡು' ಅನ್ನುವುದರ ಕೈ ಮೇಲಾಗುತ್ತದೆ. ಹೆಚ್ಚಿನ ಸಲ ಆ ತುಂಡು ಬಿಟ್ಟೇಹೋಗುತ್ತದೆ.

"ಹುಕ್ಸ್ ಪಟ್ಟಿ ಇಲ್ಲದ ರವಿಕೆ," ಅಂದಳು ಅಮ್ಮ. ಹೌದು, ಹಾಗೆ ಬಂದ ಪ್ರೋಟೀನು ಬೇಗ ನಾಶವಾಗುತ್ತದೆ.

ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಪಡೆದ ನುಸಿನೆರ್ಸೆನ್ ಔಷಧ, 'ಬಿಡು' ಅನ್ನುವ ಪ್ರೋಟೀನು ಕೂರುವ ಜಾಗವನ್ನೇ ಮುಚ್ಚುತ್ತದೆ. 2020ರಲ್ಲಿ ಬಂದ ರಿಸ್ಡಿಪ್ಲಾಮ್ ಬಾಯಿಗೆ ಹಾಕುವ ಔಷಧ, ಅದೂ ಏಳನೇ ತುಂಡನ್ನು ಉಳಿಸುತ್ತದೆ. ಬೆಲೆ ಮಾತ್ರ ನಮ್ಮಂಥವರ ಕೈಗೆಟುಕಲ್ಲ. ಸತ್ತ ನರಕೋಶ ಮತ್ತೆ ಹುಟ್ಟಲ್ಲ, ಹಾಗಾಗಿ ಬೇಗ ಗೊತ್ತಾಗೋದೇ ಮುಖ್ಯ.

ಅಕ್ಕ ವಾಹಕಿ ಅಂತ ಪರೀಕ್ಷೆಯಲ್ಲಿ ಬಂದಿದೆ. ನಾನೂ ಆಗಿರೋ ಸಾಧ್ಯತೆ ಅರ್ಧಕ್ಕರ್ಧ. ವಾಹಕರಿಗೆ ಏನೂ ತೊಂದರೆಯಿಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಸಂಬಂಧದಲ್ಲೇ ಮದುವೆಯಾದರೆ ಒಂದೇ ದೋಷ ಇಬ್ಬರಲ್ಲೂ ಇರೋ ಸಂಭವ ಹೆಚ್ಚು. ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ, ಜಾತಕದ ಜೊತೆಗೆ ಇದನ್ನೂ ಡಾಕ್ಟರ ಹತ್ತಿರ ಕೇಳಿ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಳತೆ ತಗೊಳ್ದೆ ಕತ್ತರಿ ಹಾಕೋಕಾಗುತ್ತಾ?" ಅಂದಳು.

ಸಂಜೆ ಅತ್ತೆಗೆ ಫೋನ್ ಮಾಡಿದ್ದೂ ಅವಳೇ. ಅತ್ತೆ ಇನ್ನೂ ಏನೂ ಹೇಳಿಲ್ಲ. ಭಾವ ಮಾತ್ರ ರಾತ್ರಿ ಮೆಸೇಜ್ ಮಾಡಿದ: "ಶನಿವಾರ ರಜಾ ಹಾಕ್ಲಾ?"