ಹಳೆಯ ಕಾರಿಗೂ ಕೀಲೆಣ್ಣೆ

ಎತ್ತಿನ ಬಂಡಿಯವನು ದೂರದ ಹಾದಿ ಹಿಡಿಯುವ ಮುನ್ನ ಅಚ್ಚಿಗೆ ಕೀಲೆಣ್ಣೆ ಸವರುವುದನ್ನು ಮರೆಯುತ್ತಿರಲಿಲ್ಲ. ಮರೆತರೆ ಬಂಡಿಯೇ ಕಿರುಗುಟ್ಟಿ ನೆನಪಿಸುತ್ತಿತ್ತು. ಮೋಟಾರು ಕಾರು ಅಷ್ಟು ಬಾಯಿಬಡುಕನಲ್ಲ. ಅದರ ಮುಂದಿನ ಗಾಲಿಗಳ ಕೀಲುಗಳು ವರ್ಷಗಟ್ಟಲೆ ಸದ್ದಿಲ್ಲದೆ ಸವೆದು, ಒಂದು ದಿನ ಒಮ್ಮೆಗೇ ಕೈಕೊಡುತ್ತವೆ. ಹಿರಿಯರ ಕಾಲದ ಕಾರನ್ನು ಅಕ್ಕರೆಯಿಂದ ಉಳಿಸಿಕೊಂಡ ಮನೆಗಳಲ್ಲಿ ಇಂಜಿನ್ನಿಗೂ ಬಣ್ಣಕ್ಕೂ ಸಲ್ಲುವ ಆರೈಕೆ ಈ ಕೀಲುಗಳಿಗೆ ಸಲ್ಲುವುದು ಅಪರೂಪ.

ಮಾರಿಸ್ ಮೈನರ್ ಕಾರು ಇದಕ್ಕೆ ತಕ್ಕ ನಿದರ್ಶನ. ಅಲೆಕ್ ಇಸ್ಸಿಗೋನಿಸ್ ರೂಪಿಸಿದ ಈ ಪುಟ್ಟ ವಾಹನವು 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಜನರ ಮುಂದೆ ಬಂದಿತು. 1970ರ ದಶಕದ ಆರಂಭದಲ್ಲಿ ಅದರ ತಯಾರಿಕೆ ನಿಲ್ಲುವ ವೇಳೆಗೆ ಸುಮಾರು 16 ಲಕ್ಷ ವಾಹನಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು 1950ರ ದಶಕದಲ್ಲಿ ಇದನ್ನೇ 'ಬೇಬಿ ಹಿಂದೂಸ್ತಾನ್' ಎಂಬ ಹೆಸರಿನಿಂದ ನಮ್ಮ ದೇಶದಲ್ಲಿ ಮಾರಿತು.

ಈ ಕಾರಿನ ಮುಂದಿನ ಗಾಲಿಯು ನೆಟ್ಟಗೆ ನಿಂತ ಉಕ್ಕಿನ ಗೂಟವೊಂದರ ಆಧಾರದಿಂದ ಎಡಬಲಕ್ಕೆ ತಿರುಗುತ್ತದೆ. ಇದಕ್ಕೆ ಸ್ವಿವೆಲ್ ಪಿನ್ ಎಂದು ಹೆಸರು. ಗೂಟದ ಮೇಲ್ತುದಿಯಲ್ಲಿಯೂ ಕೆಳತುದಿಯಲ್ಲಿಯೂ ಸ್ಕ್ರೂವಿನಂತಹ ಸುತ್ತುಗಳಿದ್ದು, ಅವು ಟ್ರನಿಯನ್ ಎಂಬ ಬಿಲ್ಲೆಗಳೊಳಗೆ ಕುಳಿತಿರುತ್ತವೆ. ಕಾರಿನ ಆ ಮೂಲೆಯ ಭಾರವೆಲ್ಲ ಕೆಳಗಿನ ಟ್ರನಿಯನ್ನಿನ ಮೇಲೆ ಬೀಳುತ್ತದೆ. ಆ ಭಾರವು ಗೂಟವನ್ನು ಟ್ರನಿಯನ್ನಿನಿಂದ ಮೇಲಕ್ಕೆ ಕೀಳುವಂತೆ ಸದಾ ಜಗ್ಗುತ್ತಿರುತ್ತದೆ. ಜಿಡ್ಡು ಒಣಗಿ, ನೀರೂ ಧೂಳೂ ಸೇರಿ, ಸುತ್ತುಗಳು ಸವೆದರೆ ಗೂಟ ಕಿತ್ತು ಬರುತ್ತದೆ. ಗಾಲಿ ಮಡಚಿಕೊಂಡು ಕಾರು ಮೂಗಿನ ಮೇಲೆ ಕುಸಿಯುತ್ತದೆ. ಹೆಚ್ಚಾಗಿ ಇದು ನಿಧಾನವಾಗಿ ತಿರುಗಿಸುವಾಗ ನಡೆಯುವುದುಂಟು. ಮನೆಯ ಗೇಟಿನ ಮುಂದೆ ನಡೆದರೆ ಪುಣ್ಯ. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವಾಗ ನಡೆದರೆ ಗತಿಯೇನು?

ಸವೆತವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಗಾಲಿಯನ್ನು ನೆಲದಿಂದ ಎತ್ತಿ, ಮೇಲೂ ಕೆಳಗೂ ಕೈಯಿಟ್ಟು ಅಲುಗಿಸಬೇಕು. ಅಲುಗಾಟ ಕಂಡರೆ ಮನೆಯವರಲ್ಲಿ ಒಬ್ಬರು ಒಳಗೆ ಕುಳಿತು ಬ್ರೇಕು ಒತ್ತಲಿ. ಅಲುಗಾಟ ಆಗ ನಿಂತರೆ ದೋಷ ಗಾಲಿಯ ಬೇರಿಂಗಿನದು, ನಿಲ್ಲದಿದ್ದರೆ ಕೀಲಿನದು.

ದುರಸ್ತಿಗೆ ಇಳಿಯುವವರು ಮೊದಲು ತಮ್ಮ ಪ್ರಾಣದ ಕಡೆ ನೋಡಿಕೊಳ್ಳತಕ್ಕದ್ದು. ನೆಲ ಸಮವಾಗಿ, ಗಟ್ಟಿಯಾಗಿ ಇರಬೇಕು. ಹಿಂದಿನ ಗಾಲಿಗಳಿಗೆ ಅಡೆ ಕೊಟ್ಟು, ಕಾರನ್ನು ಎತ್ತಿದ ಮೇಲೆ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳುವುದು ಸಾಹಸವಲ್ಲ, ಅವಿವೇಕ. ಇನ್ನೊಂದು ಎಚ್ಚರವೂ ಬೇಕು. ಇಲ್ಲಿ ಸ್ಪ್ರಿಂಗಿನ ಕೆಲಸ ಮಾಡುವುದು ಟಾರ್ಷನ್ ಬಾರ್ ಎಂಬ ಉದ್ದನೆಯ ಉಕ್ಕಿನ ಸಲಾಕೆ. ಅದು ಹುರಿಗೊಂಡ ಬಲದಿಂದ ಕೆಳತೋಳನ್ನು ಒತ್ತಿ ಹಿಡಿದಿರುತ್ತದೆ. ಆದುದರಿಂದ ತೋಳಿನ ಅಡಿಗೆ ಮತ್ತೊಂದು ಜಾಕಿ ಕೊಟ್ಟೇ ಕೀಲನ್ನು ಬಿಡಿಸಬೇಕು, ಬಳಿಕ ಮೆಲ್ಲಮೆಲ್ಲನೆ ಇಳಿಸಬೇಕು.

ಹಳೆಯ ಟ್ರನಿಯನ್ನನ್ನು ತಿರುಗಿಸಿ ತೆಗೆದು, ಗೂಟವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸದನ್ನು ಹಾಕಿ ನೋಡಬೇಕು. ಹೊಸದೂ ಅಲುಗಿದರೆ ಗೂಟವೇ ಸವೆದಿದೆ ಎಂದರ್ಥ. ಎರಡನ್ನೂ ಒಟ್ಟಿಗೆ ಬದಲಿಸದೆ ಗತ್ಯಂತರವಿಲ್ಲ. ಗೂಟ ಬದಲಿಸಲು ಬ್ರೇಕಿನ ಭಾಗಗಳನ್ನೂ ಕಳಚಬೇಕಾಗುವುದರಿಂದ, ಕೈ ಪಳಗದವರು ಆ ಕೆಲಸವನ್ನು ನುರಿತ ಮೆಕ್ಯಾನಿಕ್ಕಿಗೆ ಬಿಡುವುದು ಲೇಸು. ಎಡಬಲದ ಭಾಗಗಳ ಸುತ್ತುಗಳು ಬೇರೆ ಬೇರೆ. ಒಂದನ್ನು ಇನ್ನೊಂದರ ಜಾಗಕ್ಕೆ ಹಾಕಲಾಗದು. ಹೊಸ ಟ್ರನಿಯನ್ನನ್ನು ಕೊನೆಯವರೆಗೆ ತಿರುಗಿಸಿ ಅಲ್ಲಿಯೇ ಬಿಡಬಾರದು. ಗಾಲಿ ಎರಡೂ ಕಡೆಗೆ ಪೂರ್ತಿ ತಿರುಗಲು ಎಡೆ ಸಿಗುವಂತೆ ಸ್ವಲ್ಪ ಹಿಂದಕ್ಕೆ ಸರಿಸಬೇಕು. ತೋಳಿನ ರಬ್ಬರ್ ಬುಷ್‌ಗಳಿಗೆ ಗ್ರೀಸ್ ತಾಗಿದರೆ ಅವು ಉಬ್ಬಿ ಕೆಡುತ್ತವೆ. ಅವುಗಳ ನಟ್ಟನ್ನು ಕಾರು ನೆಲಕ್ಕಿಳಿದು ತನ್ನ ಭಾರದಲ್ಲಿ ನಿಂತ ಮೇಲೆಯೇ ಪೂರ್ತಿ ಬಿಗಿಯಬೇಕು. ತೆಗೆದ ಸ್ಪ್ಲಿಟ್ ಪಿನ್ನನ್ನು ಮತ್ತೆ ಬಳಸದೆ ಹೊಸದನ್ನೇ ಹಾಕಬೇಕು. ಕೊನೆಗೆ ವರ್ಕ್‌ಶಾಪಿನಲ್ಲಿ ಗಾಲಿಗಳ ಅಲೈನ್‌ಮೆಂಟ್ ನೋಡಿಸುವುದು ಅಗತ್ಯ.

ಇಷ್ಟೆಲ್ಲ ಶ್ರಮವನ್ನು ಬಹುಕಾಲ ಮುಂದೂಡುವ ಉಪಾಯ ಒಂದಿದೆ. ಸುಮಾರು 1,600 ಕಿ.ಮೀ.ಗೆ ಒಮ್ಮೆ ಗಾಲಿಯನ್ನು ನೆಲದಿಂದ ಎತ್ತಿ, ನಿಪ್ಪಲ್‌ಗಳ ಮೂಲಕ ಗ್ರೀಸ್ ಗನ್ನಿನಿಂದ ಹೊಸ ಗ್ರೀಸ್ ತುಂಬುವುದು. ಹಳೆಯ ಗ್ರೀಸ್ ಹೊರಗೆ ಉಕ್ಕಿ ಬರುವವರೆಗೂ ಒತ್ತಬೇಕು. ಗಾಲಿ ನೆಲದ ಮೇಲಿದ್ದರೆ ಭಾರ ಹೊತ್ತ ಸುತ್ತುಗಳ ನಡುವೆ ಗ್ರೀಸ್ ಸರಿಯಾಗಿ ಹೋಗದು. ಸವೆಯುವ ಜಾಗವೇ ಒಣಗಿರುತ್ತದೆ. ಬಂಡಿಗೆ ಕಡೆಗೀಲು ಹೇಗೋ ಈ ಕಾರಿಗೆ ಟ್ರನಿಯನ್ ಹಾಗೆ. ಭಾನುವಾರದ ಅರ್ಧ ಗಂಟೆಯನ್ನು ಅದಕ್ಕೆ ಮೀಸಲಿಟ್ಟವರು, ಸೋಮವಾರ ಮನೆಮಂದಿಯನ್ನು ಕೂರಿಸಿಕೊಂಡು ನಿಶ್ಚಿಂತೆಯಿಂದ ಹೊರಡಬಹುದು.